ಸರೋಜಮ್ಮನವರ ವೈರ್ ಬ್ಯಾಗು ಮತ್ತು ನನ್ನ ಹರಳೆಣ್ಣೆ

ಗೊತ್ತಿರುವುದನ್ನು ಕೇಳದವರಿಗೆ ಹೇಳದೆ ಇರುವುದು ದೊಡ್ಡ ವಿದ್ಯೆ. ನನಗೆ ಅದು ಒಲಿಯಲಿಲ್ಲ. ಕೆಲವರಿಗೆ ಸಿಗರೇಟಿನ ಚಟ, ಕೆಲವರಿಗೆ ಇಸ್ಪೀಟಿನದು, ನನಗೆ ಪ್ಲಾಸ್ಟಿಸೈಜರಿನದು. ಹೆದರಬೇಡಿ, ಅದು ನನ್ನ ಅನ್ನದ ದಾರಿ. ಪಿವಿಸಿ ಪ್ಲಾಸ್ಟಿಕ್ಕು ಹುಟ್ಟಿನಿಂದಲೇ ಗಡುಸು, ಮನೆಯ ನೀರಿನ ಪೈಪಿನ ಹಾಗೆ. ಅದು ಟೇಬಲ್ಲಿನ ಹಾಸಾಗಿ, ಮಗುವಿನ ಬೊಂಬೆಯಾಗಿ ಬಾಗಬೇಕಾದರೆ ಎಣ್ಣೆಯಂಥದ್ದೊಂದನ್ನು ಬೆರೆಸಬೇಕು. ಅದೇ ಪ್ಲಾಸ್ಟಿಸೈಜರ್. ಬೆರೆತದ್ದು ಅಲ್ಲೇ ಇರುವುದಿಲ್ಲ, ನಿಧಾನವಾಗಿ ಹೊರಗೆ ಜಿನುಗುತ್ತದೆ. ಹಳೆಯ ಕೆಲವು ಬಗೆಗಳು ಮಕ್ಕಳ ಮೈಗೆ ಒಳ್ಳೆಯದಲ್ಲವೆಂದು ಈಗ ಹರಳೆಣ್ಣೆ, ಸೋಯಾ ಎಣ್ಣೆಗಳಿಂದಲೂ ಅದನ್ನು ತಯಾರಿಸುತ್ತಾರೆ. ನಮ್ಮ ಕಂಪನಿಯದು ಹರಳೆಣ್ಣೆಯದು, ಮಾರುವವನು ನಾನು. ನಾಮಕರಣದ ಊಟಕ್ಕೆ ಕೂತರೂ ಪಾಯಸ ಬರುವಷ್ಟರಲ್ಲಿ ಹರಳೆಣ್ಣೆಯ ಮಾತು ತೆಗೆದಿರುತ್ತೇನೆ. ಪಂಕ್ತಿಯಲ್ಲಿ ಆ ಹೆಸರು ಕೇಳಿದವರ ಮುಖ ಹೇಗಾಗುತ್ತದೆಂದು ಚಿಕ್ಕಂದಿನಲ್ಲಿ ಅದನ್ನು ಕುಡಿದವರಿಗೆ ವಿವರಿಸಬೇಕಾಗಿಲ್ಲ.

ಕುಮಾರಸ್ವಾಮಿ ಲೇಔಟಿನಲ್ಲಿ ನಾವು ಬಾಡಿಗೆಗಿರುವ ಮನೆಯ ಕೆಳಗಡೆ ಮನೆಯ ಒಡತಿ ಸರೋಜಮ್ಮ ಇದ್ದಾರೆ. ನಿವೃತ್ತ ಹೊಲಿಗೆ ಟೀಚರು. ಮುಂದಿನ ಜಗುಲಿಯಲ್ಲಿ ಕೂತು ಬಣ್ಣಬಣ್ಣದ ಪ್ಲಾಸ್ಟಿಕ್ ವೈರಿನಲ್ಲಿ ಬ್ಯಾಗು ಹೆಣೆಯುವುದು ಅವರ ಕೆಲಸವಾಗಿತ್ತು. ಮಾರುತ್ತಿರಲಿಲ್ಲ. ನಮ್ಮ ಬೀದಿಯ ಯಾವ ಮಗು ಶಾಲೆಗೆ ಸೇರಿದರೂ ಊಟದ ಡಬ್ಬಿಗೆ ಅವರದೊಂದು ಬ್ಯಾಗು. ಮಗು ಅದನ್ನು ಹಿಡಿದು ಗೇಟಿನ ಬಳಿ ಬಂದು, "ಅಜ್ಜೀ, ನೋಡಿ!" ಎಂದು ಎತ್ತಿ ತೋರಿಸಿ ಹೋಗಬೇಕು. ಅವರ ಬೆಳಗು ಶುರುವಾಗುತ್ತಿದ್ದದ್ದೇ ಆಮೇಲೆ.

ಒಂದು ಭಾನುವಾರ ಎದುರು ಮನೆಯ ದಿವ್ಯ ಮಗುವನ್ನೆತ್ತಿಕೊಂಡು ಜಗುಲಿಗೆ ಬಂದಿದ್ದಳು, ನಾನೂ ಅಲ್ಲೇ ಇದ್ದೆ. ದೊಡ್ಡ ಮಗಳಿಗೆ ಕೊಟ್ಟ ಬ್ಯಾಗಿನ ಹಿಡಿಯನ್ನು ಈ ಚಿಕ್ಕದು ಚೀಪುತ್ತಿತ್ತು. ನನ್ನ ನಾಲಗೆ ನಿಲ್ಲಬೇಕಲ್ಲ! "ದಿವ್ಯಾ, ಬಾಯಿಂದ ತೆಗೀಮ್ಮ" ಎಂದೆ. ಅಷ್ಟು ಸಾಕಿತ್ತು. ಆದರೆ ಈ ವೈರೂ ಪಿವಿಸಿಯದೇ, ಇದರಲ್ಲಿರುವುದು ಹಳೆಯ ಬಗೆಯದೇ ಇರಬಹುದು ಎಂದು, ಗಿರಾಕಿಗಳ ಮುಂದೆ ಹೇಳುವುದನ್ನೆಲ್ಲ ಅಲ್ಲೇ ಬಿಚ್ಚಿಟ್ಟೆ. ಹೆಣೆಯುತ್ತಿದ್ದ ಸರೋಜಮ್ಮನ ಕೈ ನಿಂತಿತು.

"ಹಾಗಾದ್ರೆ ಸತೀಶ, ನಾನು ಇಷ್ಟು ದಿನ ಮಕ್ಕಳಿಗೆ ಕೊಟ್ಟಿದ್ದು?"

ಡಬ್ಬಿಯ ಬ್ಯಾಗಿನಿಂದ ಅಂಥದ್ದೇನೂ ಆಗಲ್ಲಮ್ಮ, ಚೀಪದ ಹಾಗೆ ನೋಡಿಕೊಂಡರಾಯ್ತು ಅನ್ನಬಹುದಿತ್ತು. ನಾನು ಗಲ್ಲ ಕೆರೆದುಕೊಂಡು, ಪರಿಣತನ ಗತ್ತಿನಲ್ಲಿ, "ಅದನ್ನ ಈಗ್ಲೇ ಹೇಳಕ್ಕಾಗಲ್ಲ" ಅಂದುಬಿಟ್ಟೆ.

ಮಂಡಿನೋವಿನ ಆ ಹೆಂಗಸು ಮನೆಮನೆ ಹತ್ತಿ ಇಳಿದು ಬ್ಯಾಗುಗಳನ್ನೆಲ್ಲ ವಾಪಸ್ಸು ತಂದರು. ಹುಡುಗಿಯೊಬ್ಬಳು ಕೊಡಲೊಲ್ಲದೆ ಅತ್ತಳಂತೆ. ಜಗುಲಿಯ ಮೂಲೆಯಲ್ಲಿ ಕೆಂಪು, ಹಳದಿ, ಹಸಿರು ರಾಶಿ ಬಿತ್ತು. ಮಾರನೆಯ ಬೆಳಗ್ಗೆ ಯಾವ ಮಗುವೂ ಗೇಟಿನ ಬಳಿ ನಿಲ್ಲಲಿಲ್ಲ. "ನಿಮ್ಮ ಕಂಪನಿಗೆ ಆರ್ಡರ್ ಸಿಕ್ತಾ?" ಎಂದು ನನ್ನ ಹೆಂಡತಿ ವೀಣಾ ಕೇಳಿದಳು. ಅವಳು ಮೆತ್ತಗೆ ಕೇಳಿದಷ್ಟೂ ನನಗೆ ಚುಚ್ಚುತ್ತದೆ.

ಕಂಪನಿಯ ಲ್ಯಾಬಿನವರ ಕಾಲು ಕೈ ಹಿಡಿದು, ನಮ್ಮ ಹರಳೆಣ್ಣೆ ಮಾಲು ಬೆರೆಸಿದ ವೈರಿನ ಒಂದು ಸುರುಳಿ ಮಾಡಿಸಿದೆ. ಮೊದಲ ಸಲದ್ದು ಅಂಟಂಟಾಗಿ ಕೈಗೇ ಹತ್ತಿತು. ಎರಡನೆಯದು ಚೆನ್ನಾಗಿ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಅದನ್ನು ಹೊತ್ತು ಸರೋಜಮ್ಮನ ಮುಂದೆ ನಿಂತೆ. ಅವರು ಬಾಗಿಸಿ ನೋಡಿದರು, ಮೂಸಿ ನೋಡಿದರು.

"ವಾಸನೆ ಏನೂ ಇಲ್ಲ, ಸದ್ಯ. ಇದರಿಂದ ಏನೂ ತೊಂದ್ರೆ ಇಲ್ಲ ಅಂತ ಖಂಡಿತ ಹೇಳ್ತೀಯೇನಪ್ಪ?"

ದಿನವಿಡೀ ಅದನ್ನೇ ಹೇಳಿ ಸಂಬಳ ತೆಗೆದುಕೊಳ್ಳುವ ನಾನು, "ಮೊದಲಿನದಕ್ಕಿಂತ ವಾಸಿ ಅಮ್ಮ" ಎಂದಷ್ಟೇ ಹೇಳಿದೆ.

"ಮೊದಲಿನದನ್ನ ಕೊಟ್ಟಾಗ ನನಗೂ ಒಳ್ಳೇದು ಅಂತ್ಲೇ ಅನ್ನಿಸಿತ್ತು. ನಾಳೆ ಇನ್ಯಾರೋ ಬಂದು ಇದರಲ್ಲೂ ಒಂದು ಹೇಳಿದ್ರೆ, ಮತ್ತೆ ಮನೆಮನೆ ಹತ್ತೋಕೆ ನನ್ನ ಮಂಡಿ ಬಿಡಲ್ಲ. ನೀನೇ ಹೆಣಿ. ಕೇಳಿದವರಿಗೆ ಉತ್ತರ ಕೊಡೋಕಾದ್ರೂ ನೀನಿರ್ತೀಯ."

ತಮಾಷೆಗೆ ಅಂದರೆಂದುಕೊಂಡೆ. ಆದರೆ ಒಳಗಿನಿಂದ ಇನ್ನೊಂದು ಮಣೆ ತಂದು ಹಾಕಿದರು. ಅಂದಿನಿಂದ ಭಾನುವಾರಗಳು ಜಗುಲಿಯ ಪಾಲು. ಅವರು ಹೇಳಿಕೊಡುತ್ತಾರೆ, ನಾನು ತಪ್ಪು ಗಂಟು ಹಾಕುತ್ತೇನೆ, ಅವರು ಬಿಚ್ಚುತ್ತಾರೆ. ಅವರ ಬೆರಳು ಒಂದೊಂದು ಸಲ ತಾನಾಗಿ ಮುಂದಿನ ಗಂಟಿಗೆ ಹೋಗುತ್ತದೆ. ನಾನು ನೋಡಿದೆನೆಂದು ತಿಳಿದರೆ ಸರಕ್ಕನೆ ಹಿಂದಕ್ಕೆ ಬರುತ್ತದೆ. ಆಗ ಆಗುವ ಸಂಕಟವನ್ನು ನಾನು ಯಾವ ಗಿರಾಕಿಗೂ ವಿವರಿಸಲಾರೆ.

ನನ್ನ ಮೊದಲ ಬ್ಯಾಗು ಮುಗಿದಿದೆ. ಒಂದು ಕಡೆ ವಾಲಿದೆ, ತಳದಲ್ಲಿ ಕಿಂಡಿಗಳಿವೆ. ಮೊನ್ನೆ ಜಗುಲಿಗೆ ಬಂದಿದ್ದ ದಿವ್ಯಳ ದೊಡ್ಡ ಮಗಳಿಗೆ ಕೊಡಹೋದೆ. "ಸೇಫ್ ಪುಟ್ಟಿ, ಹರಳೆಣ್ಣೆಯಿಂದ ಮಾಡಿದ್ದು" ಎಂದೆ. ಅವಳು ತಿರುಗಿಸಿ ನೋಡಿ, ಕಿಂಡಿಯಲ್ಲಿ ಕೈ ತೂರಿಸಿ, "ಅಂಕಲ್, ಇದರಲ್ಲಿ ಡಬ್ಬಿ ಸೇಫಾಗಿರಲ್ಲ" ಎಂದು ವಾಪಸ್ಸು ಕೊಟ್ಟಳು. ಸರೋಜಮ್ಮ ಬಹಳ ದಿನಗಳ ಮೇಲೆ ನಕ್ಕರು. ನಾನೂ ನಗುವವನಂತೆ ಮಾಡಿ, ತಳದ ಗಂಟನ್ನು ಬಿಚ್ಚತೊಡಗಿದೆ.