ಉಶ್ಶಪ್ಪನೂ ಎಂಬತ್ತು ನಿಮಿಷದ ಮೌನವೂ

ಸಂಗೀತ ಭವನದ ಗೋಡೆಯಲ್ಲಿ, ಬೀದಿಯ ಕಡೆ, ಮೇಲ್ಗಡೆ ಒಂದು ಕಿಟಕಿಯ ಗಾಜು ಒಡೆದು ಆರು ವರ್ಷವಾಗಿತ್ತು. ಆ ಜಾಗಕ್ಕೆ ಒಂದು ರಟ್ಟು ಬಡಿದು, "ನಾಳೆ ಗಾಜು ಹಾಕಿಸಿಬಿಡ್ತೀನಿ" ಎಂದು ಆರು ವರ್ಷವೂ ಹೇಳುತ್ತ ಬಂದವನು ಭವನದ ಮೇಲ್ವಿಚಾರಕ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಇಪ್ಪತ್ತು ವರ್ಷ ಬಾಗಿಲಲ್ಲಿ ನಿಂತು, ತುಟಿಯ ಮೇಲೆ ಬೆರಳಿಟ್ಟು, ಬಂದವರಿಗೆಲ್ಲ "ಉಶ್" ಅಂದು ಅಂದು, ಬೀದಿಯವರ ಬಾಯಲ್ಲಿ ಅವನು ಉಶ್ಶಪ್ಪನಾಗಿ ಹೋಗಿದ್ದ.

ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ರೆಕಾರ್ಡಿಂಗ್ ಮೇಡಂ ವೇದಿಕೆಯ ಮೇಲೆ ಹದಿನೆಂಟು ಮೈಕು ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣು ಕೂಡಲೇ ತೆರೆಯಿತು.

"ಇದೇನ್ರೀ ಟಣ್ ಟಣ್ ಅಂತ?"

ಉಶ್ಶಪ್ಪನಿಗೆ ಏನೂ ಕೇಳಿಸಿರಲಿಲ್ಲ. ಮೇಡಂ ಹೆಡ್‌ಫೋನನ್ನು ಅವನ ತಲೆಗೇ ಸಿಕ್ಕಿಸಿದರು. ರಟ್ಟಿನ ಕಿಟಕಿಯಿಂದ ತೂರಿ ಬಂದವನಂತೆ ಎದುರು ಸಾಲಿನ ತಗಡಿನಂಗಡಿ ಯಜಮಾನ ಅವನ ಕಿವಿಯೊಳಗೇ ಕೂತು ಬಕೆಟ್ಟಿನ ತಳ ಬಡಿಯುತ್ತಿದ್ದ.

"ಸಂಜೆ ಐದೂವರೆಗೆ ಶುರು. ಎಂಬತ್ತು ನಿಮಿಷ. ನಡುವೆ ನಿಲ್ಸೋ ಹಾಗಿಲ್ಲ, ಮತ್ತೆ ನುಡಿಸೋ ಹಾಗಿಲ್ಲ. ತೊಂಬತ್ತು ಜನರ ವಾದ್ಯವೃಂದ, ನೂರಾ ಹತ್ತು ಜನರ ಕೋರಸ್ಸು. ಈ ಬಕೆಟ್ಟು ಅದರಲ್ಲಿ ಸೇರಬಾರದು. ಏನು ಮಾಡ್ತೀರೋ ಮಾಡಿ" ಎಂದರು ಮೇಡಂ.

ಆ ನೂರಾ ಹತ್ತು ಜನರಲ್ಲಿ ಹಿಂದಿನ ಸಾಲಿನ ಎಡದ ಕೊನೆಯವಳು ಉಶ್ಶಪ್ಪನ ಮಗಳು. ಪೋಸ್ಟಾಫೀಸಿನಲ್ಲಿ ಮುದ್ರೆ ಒತ್ತುವ ಕೆಲಸ. ಸಂಜೆ ಹೊತ್ತು ಕೋರಸ್ಸಿನ ಅಭ್ಯಾಸ. ಎಂಟು ತಿಂಗಳಿಂದ ಮನೆಯಲ್ಲಿ ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ನೂರು ಚಿಲ್ಲರೆ ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಬರೆದ ಈ ಸಿಂಫನಿಯಲ್ಲಿ ಕೋರಸ್ಸಿನವರು ಮೊದಲ ಒಂದು ಗಂಟೆ ಬಾಯಿ ಬಿಡದೆ ಕೂತಿರಬೇಕು. ಆಮೇಲೆ ಶುರು. ಅದೂ ಎಷ್ಟು ಮೆಲ್ಲಗೆ ಎಂದರೆ, ಶುರುವಾಯಿತೋ ಇಲ್ಲವೋ ಎಂದು ಪಕ್ಕದವರನ್ನು ಕೇಳಬೇಕು.

"ಅಪ್ಪಾ, ಆಗ ಒಂದು ಸೊಳ್ಳೆ ಹಾರಿದ್ರೂ ಕೇಳಿಸುತ್ತೆ. ನಾನು ಜೀವಮಾನದಲ್ಲಿ ಒಂದ್ಸಲ ರೆಕಾರ್ಡ್ ಆಗ್ತಾ ಇರೋದು. ನಿನ್ನ ಕೈಲಿದೆ ನೋಡು" ಎಂದು ಬೆಳಿಗ್ಗೆ ತಾನೇ ಹೇಳಿ ಹೋಗಿದ್ದಳು.

ಉಶ್ಶಪ್ಪ ತಗಡಿನಂಗಡಿಗೆ ಓಡಿದ.

"ಯಜಮಾನ್ರೇ, ಇವತ್ತೊಂದು ದಿನ ಸುತ್ತಿಗೆ ಕೆಳಗಿಡಿ. ಕಾಲಿಗೆ ಬೀಳ್ತೀನಿ."

ಯಜಮಾನ ಸುತ್ತಿಗೆ ಇಳಿಸಲಿಲ್ಲ, ಎತ್ತಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ. "ಉಶ್ಶಪ್ಪಾ, ನಿಮ್ಮ ಭವನದ ಮೇಲಿನ ತಗಡು ಹೊಡೆದೋನು ಯಾರು?"

"ನೀವೇ."

"ಮಳೆ ನೀರಿನ ಕೊಳವೆ?"

"ಅದೂ ನೀವೇ."

"ಮೂವತ್ತು ವರ್ಷ ಆಯ್ತು. ನೆತ್ತಿ ಮೇಲೆ ಓಡಾಡಿದೀನಿ, ಒಳಗೆ ಒಂದಿನ ಕೂತಿಲ್ಲ. ನೀನೇ ಬಾಗಿಲಲ್ಲಿ ಉಶ್ ಅಂತ ಓಡಿಸ್ತೀಯ. ಇವತ್ತು ನನ್ನನ್ನ ಒಳಗೆ ಕೂರ್ಸು, ಸುತ್ತಿಗೆ ಇಡ್ತೀನಿ."

ಟಿಕೆಟ್ಟು ಒಂದೂ ಉಳಿದಿರಲಿಲ್ಲ. ಆದರೆ ಮೇಲಿನ ಬಾಲ್ಕನಿ ಖಾಲಿ ಇತ್ತು. ಕುರ್ಚಿಗಳು ಕಿರುಗುಟ್ಟುತ್ತವೆ ಎಂದು ಮೇಡಂ ಅದಕ್ಕೆ ಬೀಗ ಹಾಕಿಸಿದ್ದರು. ಬೀಗದ ಕೈ ಉಶ್ಶಪ್ಪನ ಸೊಂಟದಲ್ಲೇ ನೇತಾಡುತ್ತಿತ್ತು. ಒಬ್ಬರು ತಾನೇ ಎಂದು ಅವನು ಒಪ್ಪಿಕೊಂಡ. ಸುತ್ತಿಗೆ ಕೆಳಗಿಳಿಯಿತು. ಬೀದಿಯಲ್ಲಿ ಎಂದೂ ಇಲ್ಲದ ನಿಶ್ಶಬ್ದ.

ಅದು ಒಂದು ನಿಮಿಷ ಬಾಳಿತು. ತಗಡಿನಂಗಡಿಯ ಮಹಡಿಯ ಮೇಲೆ ಒಂದು ಹಸುಗೂಸು ಕಿಟಾರನೆ ಕಿರುಚಿತು. ಅದರ ಬೆನ್ನಿಗೇ ಪಕ್ಕದ ಮನೆಯ ನಾಯಿ ಕೊರಳೆತ್ತಿ ಊಳಿಡತೊಡಗಿತು. ನಾಯಿ ಊಳಿಟ್ಟದ್ದಕ್ಕೆ ಎದುರು ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿ, "ಆ ನಾಯಿ ಬಾಯಿ ಮುಚ್ಚಿಸ್ರೋ!" ಎಂದು ಅರಚಿದರು. ಅವರಿಗೆ ಕಿವಿ ಮಂದ. ತಮಗೆ ಕೇಳಿಸುವಷ್ಟು ಜೋರಾಗಿ ಮಾತಾಡಿದರೆ ಮೂರು ಬೀದಿಗೆ ಕೇಳಿಸುತ್ತಿತ್ತು. ಭವನದ ಒಳಗಿಂದ ಮೇಡಂ ಹೆಡ್‌ಫೋನ್ ಕಿತ್ತೊಗೆದು ಹೊರಗೆ ಬಂದು ನಿಂತರು. ಕೈಗಡಿಯಾರ ನೋಡಿ ಒಳಗೆ ಹೋದರು.

ಕೂಸಿನ ತಾಯಿ ಮಹಡಿಯಿಂದ ಧಡಧಡ ಇಳಿದು ಬಂದಳು. "ಅಣ್ಣಾ, ಏನು ಮಾಡಿಬಿಟ್ರಿ! ಹುಟ್ಟಿದ ದಿನದಿಂದ ಈ ಮಗು ತಗಡು ಬಡಿಯೋ ಸದ್ದಿಗೇ ಮಲಗೋದು. ಸದ್ದು ನಿಂತ್ರೆ ಎದ್ಬಿಡುತ್ತೆ. ಭಾನುವಾರ ಅಂಗಡಿ ಮುಚ್ಚಿರುತ್ತಲ್ಲ, ಅವತ್ತು ನಾನು ಪಾತ್ರೆ ಬಡೀಬೇಕು."

"ಹಾಗಾದ್ರೆ ನಾನು ಬಡೀಲಾ?" ಎಂದು ಯಜಮಾನ ಉತ್ಸಾಹದಿಂದ ಸುತ್ತಿಗೆಗೆ ಕೈ ಹಾಕಿದ.

"ಬೇಡ ಬೇಡ!" ಉಶ್ಶಪ್ಪ ಅವನ ಕೈ ಹಿಡಿದುಕೊಂಡ.

"ಮತ್ತೆ ನಿಮ್ಮ ಭವನದಲ್ಲಿ ತೊಂಬತ್ತು ಜನ ಒಟ್ಟಿಗೆ ಬಾರಿಸ್ತಾರಂತಲ್ಲ," ಎಂದಳು ತಾಯಿ, "ಅಲ್ಲೇ ಕರ್ಕೊಂಡು ಬರ್ತೀನಿ. ಹಾಯಾಗಿ ಮಲಗುತ್ತೆ."

ನಾಯಿಯ ಒಡತಿ ಅಜ್ಜಿ ಅಷ್ಟರಲ್ಲಿ ಗೇಟಿನ ಬಳಿ ಬಂದಿದ್ದಳು. ಕೂಸು ಎಲ್ಲಿ ಅತ್ತರೂ ತನ್ನ ನಾಯಿಗೆ ಸಂಕಟವಾಗುತ್ತದೆ. ತಾನು ಅದನ್ನು ಬಿಟ್ಟು ಹೋದರಂತೂ ಇನ್ನೂ ಸಂಕಟವಾಗುತ್ತದೆ. ಆದ್ದರಿಂದ ತಾವಿಬ್ಬರೂ ಬರುವುದೇ ಸರಿ ಎಂದು ಅವಳು ಲೆಕ್ಕ ಮುಗಿಸಿಬಿಟ್ಟಳು.

"ಅಜ್ಜೀ, ನಾಯಿಗೆಲ್ಲ ಟಿಕೆಟ್ ಇಲ್ಲ."

"ಕಂಡಕ್ಟರ್ ಬಂದಿದಾರೆ ಅಂತ ನಿನ್ನ ಮಗಳೇ ಹೇಳಿದ್ಲಲ್ಲಪ್ಪಾ. ಅವರ ಹತ್ರಾನೇ ತಗೋತೀನಿ ಬಿಡು."

ಇನ್ನು ಹೆಡ್‌ಮೇಷ್ಟ್ರು. ಬೀದಿಯವರೆಲ್ಲ ಒಳಗೆ ಹೋಗಿ ತಾವೊಬ್ಬರೇ ಹೊರಗೆ ಉಳಿದರೆ, ಎಲ್ಲರೂ ಎಲ್ಲಿ ಹೋದರು ಎಂದು ಕೂಗಿ ಕೇಳದೆ ಇರುವವರಲ್ಲ. ಉಶ್ಶಪ್ಪ ಅವರನ್ನೂ ಕರೆದ. ಕರೆದದ್ದು ಅವರಿಗೆ ಅರ್ಥವಾಗಲು ನಾಲ್ಕು ಸಲ ಕೂಗಬೇಕಾಯಿತು.

ಮಧ್ಯಾಹ್ನವೆಲ್ಲ ಅವನು ಬಾಲ್ಕನಿಯಲ್ಲಿ ಮಂಡಿಯೂರಿ ಐದು ಕುರ್ಚಿಗಳ ಕೀಲಿಗೆ ಎಣ್ಣೆ ಬಿಟ್ಟ, ಮನೆಯಿಂದ ಹೊದಿಕೆ ತಂದು ಹಾಸಿದ. ನಾಲ್ಕೂವರೆಗೆ ಮುಖ್ಯ ಬಾಗಿಲಿಗೆ ಬಂದು ಪ್ರೇಕ್ಷಕರನ್ನು ಒಬ್ಬೊಬ್ಬರನ್ನಾಗಿ ತಡೆದ. "ನೆಗಡಿ ಇದೆಯಾ? ಕೆಮ್ಮಿ ತೋರ್ಸಿ. ಬಳೆ ತೆಗೀರಿ. ಚಪ್ಪಲಿ ಹೊರಗೆ. ಫೋನು ಈ ಬುಟ್ಟಿಗೆ." ಗಂಟಲು ಅನುಮಾನಾಸ್ಪದವಾಗಿ ಕಂಡ ಹದಿನಾಲ್ಕು ಜನರನ್ನು ಹೊರಾಂಗಣದ ಸ್ಪೀಕರ್ ಎದುರು ಕೂರಿಸಿದ. ಒಳಗೆ ಹೋದ ಐನೂರು ಜನ ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಉಸಿರು ಬಿಗಿಹಿಡಿದು ಕೂತರು.

ವಾದ್ಯವೃಂದ ನಡೆಸುವ ಕಂಡಕ್ಟರ್ ಕೋಲೆತ್ತಿದಾಗ ಉಶ್ಶಪ್ಪ ಬಾಲ್ಕನಿಯಲ್ಲಿ ತನ್ನ ನಾಲ್ಕು ಜನರ ನಡುವೆ ಕೂತಿದ್ದ. ಒಂದು ಕೈ ಅಜ್ಜಿಯ ಮಡಿಲಿನ ಬಟ್ಟೆಚೀಲದ ಬಾಯಿಯ ಮೇಲೆ; ಚೀಲದೊಳಗೆ ನಾಯಿ. ಇನ್ನೊಂದು ಕೈ ಹೆಡ್‌ಮೇಷ್ಟ್ರ ತೊಡೆಯ ಮೇಲೆ. ಅವರ ಕಿವಿಯ ಯಂತ್ರ ಆಗಾಗ ಕುಂಯ್‌ಗುಡುತ್ತದೆಂದು ಬೇಡಿಕೊಂಡು ಅದನ್ನು ಬಿಚ್ಚಿಸಿ ಜೇಬಿನಲ್ಲಿಟ್ಟುಕೊಂಡಿದ್ದ.

ಮೊದಲ ಒಂದು ಗಂಟೆ ದೇವರು ನಡೆಸಿದ. ಕಹಳೆಗಳು ಮೊಳಗಿದವು, ನಗಾರಿಗಳು ಗುಡುಗಿದವು, ಕೂಸು ಬೆಣ್ಣೆಯಂತೆ ಕರಗಿ ಮಲಗಿತು. ಅಜ್ಜಿ ತಲೆಯಾಡಿಸುತ್ತಿದ್ದಳು, ಚೀಲದೊಳಗೆ ನಾಯಿಯೂ ಅದೇ ತಾಳದಲ್ಲಿ ತಲೆಯಾಡಿಸುತ್ತಿತ್ತು. ಹೆಡ್‌ಮೇಷ್ಟ್ರು ಏನೂ ಕೇಳಿಸದಿದ್ದರೂ ಮುಂದಕ್ಕೆ ಬಾಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮಧ್ಯೆ ಒಂದು ಚೀಟಿಯ ಮೇಲೆ ಬರೆದು ಉಶ್ಶಪ್ಪನಿಗೆ ಕೊಟ್ಟರು: 'ಮೂವತ್ತು ವರ್ಷ ಡ್ರಿಲ್ ಮಾಡಿಸಿದ್ದೇನೆ. ಈ ಪಿಟೀಲಿನವರ ಹಾಗೆ ಒಟ್ಟಿಗೆ ಕೈಯೆತ್ತಿದ ಒಂದು ತರಗತಿಯನ್ನೂ ನೋಡಲಿಲ್ಲ.'

ಆಮೇಲೆ ಸದ್ದು ಇಳಿಯಿತು. ನಗಾರಿ ನಿಂತಿತು, ಕಹಳೆ ನಿಂತಿತು, ಪಿಟೀಲು ಒಂದೊಂದಾಗಿ ಹಿಂದೆ ಸರಿದವು. ಹಿಂದಿನ ಸಾಲುಗಳಲ್ಲಿ ನೂರಾ ಹತ್ತು ಜನ ನೆರಳುಗಳ ಹಾಗೆ ಎದ್ದು ನಿಂತರು. ಎಡದ ಕೊನೆಯಲ್ಲಿ ಮಗಳು. ಆಗಲೇ ಉಶ್ಶಪ್ಪನಿಗೆ ಹೊಳೆದದ್ದು: ಗದ್ದಲ ನಿಂತರೆ ಏಳುವ ಕೂಸನ್ನು, ಗದ್ದಲ ನಿಲ್ಲುವ ಕಡೆಗೇ ತಾನು ಕೈಯಾರೆ ತಂದು ಕೂರಿಸಿದ್ದಾನೆ.

ಕೂಸು ಕಣ್ಣು ಬಿಟ್ಟಿತು. ತುಟಿ ವಕ್ರವಾಯಿತು. ಗದ್ದ ನಡುಗಿತು. ತಾಯಿ ಬಿಳುಚಿಕೊಂಡಳು. ಚೀಲದೊಳಗೆ ನಾಯಿ ಮೊದಲೇ ಕಿವಿ ನಿಮಿರಿಸಿದ್ದು ಉಶ್ಶಪ್ಪನ ಅಂಗೈಗೆ ತಾಗಿತು. ಕೆಳಗೆ, ಎಲ್ಲಿಂದ ಬಂತೆಂದು ತಿಳಿಯದ ಹಾಗೆ, ಹಾಡು ಆಗಲೇ ಶುರುವಾಗಿತ್ತು.

ತಗಡಿನಂಗಡಿ ಯಜಮಾನ ಮೆಲ್ಲಗೆ ಕೈ ಚಾಚಿದ. ಸುತ್ತಿಗೆ ಹಿಡಿದು ಮರದಂತಾದ ಒಂದು ಬೆರಳಿನಿಂದ ಕೂಸಿನ ಅಂಗಾಲನ್ನು ತಟ್ಟತೊಡಗಿದ. ಎರಡು ಸಲ, ನಿಲುಗಡೆ, ಒಂದು ಸಲ. ಬಕೆಟ್ಟಿನ ತಳಕ್ಕೆ ಬೀಳುವ ಅದೇ ಲೆಕ್ಕ. ಸದ್ದು ಮಾತ್ರ ಇಲ್ಲ. ಕೂಸು ಅವನನ್ನೇ ನೋಡಿತು. ಯಾರಿರಬಹುದೆಂದು ಯೋಚಿಸುವಂತೆ ಹುಬ್ಬು ಗಂಟಿಕ್ಕಿತು. ಆಮೇಲೆ ಬಾಯಿ ಮುಚ್ಚಿ, ಕಣ್ಣು ತೆರೆದುಕೊಂಡೇ ಕೇಳತೊಡಗಿತು.

ಹಾಡು ಮೆಲ್ಲಮೆಲ್ಲನೆ ಏರಿತು. ಕೊನೆಗೆ ಇನ್ನೂರು ಜನರೂ ಒಂದಾಗಿ ಛಾವಣಿಯ ತಗಡು ನಡುಗಿಸಿದಾಗ ಯಜಮಾನ ಮೇಲೆ ನೋಡಿ, "ಗಟ್ಟಿಯಾಗೇ ಹೊಡೆದಿದೀನಿ" ಎಂದು ತುಟಿಯಲ್ಲೇ ಅಂದ. ಅವನ ಕಣ್ಣು ಒದ್ದೆಯಾಗಿತ್ತು. ಉಶ್ಶಪ್ಪನ ಅಂಗಿ ಬೆವರಿನಿಂದ ಹಿಂಡುವ ಹಾಗಿತ್ತು.

ಚಪ್ಪಾಳೆ ಮುಗಿದು, ಜನ ಚಪ್ಪಲಿ ಹುಡುಕಿಕೊಂಡು ಹೋದ ಮೇಲೆ ಮೇಡಂ ಅವನನ್ನು ಯಂತ್ರಗಳ ಕೋಣೆಗೆ ಕರೆಸಿದರು. ಹೊಗಳಿಕೆಗೆ ಏನು ಉತ್ತರ ಕೊಡಬೇಕೆಂದು ಯೋಚಿಸುತ್ತಲೇ ಅವನು ಹೋದ.

"ಏನ್ರೀ ಮಾಡಿದ್ರಿ ಆ ಜನಕ್ಕೆ?" ಎಂದರು ಮೇಡಂ.

"ಯಾಕೆ ಮೇಡಂ? ಏನಾದ್ರೂ ಕೇಳಿಸ್ತಾ?"

"ಏನೂ ಕೇಳಿಸ್ಲಿಲ್ಲ, ಅದೇ ಕಷ್ಟ! ಎಂಬತ್ತು ನಿಮಿಷದಲ್ಲಿ ಒಂದು ಕೆಮ್ಮಿಲ್ಲ, ಒಂದು ಕುರ್ಚಿ ಸದ್ದಿಲ್ಲ. ಡಿಸ್ಕಿನ ಹೊದಿಕೆ ಮೇಲೆ 'ಸಭಿಕರ ಎದುರು ನೇರ ಮುದ್ರಣ' ಅಂತ ಆಗಲೇ ಅಚ್ಚಾಗಿದೆ. ಇದನ್ನ ಕೇಳಿದೋರು, ಖಾಲಿ ಹಾಲಲ್ಲಿ ನುಡಿಸಿ ಕೊನೆಗೆ ಚಪ್ಪಾಳೆ ಅಂಟಿಸಿದಾರೆ, ಮೋಸ ಅಂತಾರೆ. ಜನ ಇದ್ರು ಅಂತ ನಂಬೋ ಹಾಗೆ ಏನಾದ್ರೂ ಬೇಕು." ಅವರು ಹೆಡ್‌ಫೋನ್ ಏರಿಸಿಕೊಂಡರು. "ಹೋಗಿ ಮೂರನೇ ಸಾಲಲ್ಲಿ ಕೂತ್ಕೊಳ್ಳಿ. ಕೆಮ್ಮಿ."

ಉಶ್ಶಪ್ಪ ಖಾಲಿ ಹಾಲಿನಲ್ಲಿ ಕೂತು ಕೆಮ್ಮಿದ. "ಈಗ ಹತ್ತನೇ ಸಾಲು, ವಯಸ್ಸಾದೋರ ಹಾಗೆ." ಅದೂ ಆಯಿತು. "ಈಗ ಬಲಗಡೆ, ತಡ್ಕೊಳ್ಳೋಕೆ ನೋಡಿ ಆಗದೆ ಹೋದ ಹಾಗೆ." ಇಪ್ಪತ್ತು ವರ್ಷ ನುಂಗಿಟ್ಟುಕೊಂಡ ಕೆಮ್ಮೆಲ್ಲ ಅವನಿಂದ ಆಚೆ ಬಂತು. ಕೊನೆಗೆ ಗಂಟಲು ಹಿಡಿದುಕೊಂಡು ಬೇಡಿದ: "ಮೇಡಂ, ಕೋರಸ್ ಶುರುವಾಗೋ ಕಡೆ ಮಾತ್ರ ಹಾಕಬೇಡಿ."

"ಅದೆಲ್ಲ ಎಡಿಟಿಂಗ್‌ನೋರು ನೋಡ್ಕೋತಾರೆ. ಮತ್ತೆ, ಇದು ಯಾರಿಗೂ ಗೊತ್ತಾಗಬಾರದು. ನಿಮ್ಮ ಮಗಳಿಗೂ. ಗೊತ್ತಾದ್ರೆ ಡಿಸ್ಕೇ ವಾಪಸ್ ತಗೋಬೇಕಾಗುತ್ತೆ." ಅವನಿಂದ ಆಣೆ ಮಾಡಿಸಿಕೊಂಡೇ ಅವರು ಮೈಕು ಬಿಚ್ಚಿದರು.

ಮೂರು ತಿಂಗಳಿಗೆ ಡಿಸ್ಕು ಬಂತು. ಮಗಳು ಅದನ್ನು ತಗಡಿನಂಗಡಿಗೇ ತಂದಳು. ಅಂದು ಬಾಲ್ಕನಿಯಲ್ಲಿದ್ದವರೆಲ್ಲ ಒಟ್ಟಿಗೆ ಕೇಳಬೇಕೆಂದು ಅವಳ ಆಸೆ. ಯಜಮಾನ ದೊಡ್ಡ ಸ್ಪೀಕರ್ ಜೋಡಿಸಿದ್ದ. ತಾಯಿ, ಕೂಸು, ಅಜ್ಜಿ, ನಾಯಿ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಹೆಡ್‌ಮೇಷ್ಟ್ರು, ಎಲ್ಲರೂ ಬಕೆಟ್ಟುಗಳನ್ನು ಬೋರಲು ಹಾಕಿ ಕೂತರು. ಒಂದು ಗಂಟೆ ಕಳೆಯಿತು.

"ಈಗ ನಾವು," ಎಂದಳು ಮಗಳು, ಉಸಿರು ಬಿಗಿಹಿಡಿದು.

ವಾದ್ಯಗಳೆಲ್ಲ ಅಡಗಿದವು. ಆ ಮೌನದ ನಟ್ಟನಡುವೆ, ಹಾಡು ಮೂಡುವ ಸರಿಯಾದ ಕ್ಷಣಕ್ಕೆ, ಯಾರೋ ತಡೆದುಕೊಳ್ಳಲು ನೋಡಿ ಆಗದೆ ಹೋದ ಹಾಗೆ, "ಖೊಳ್ಳ್... ಖೊಳ್ಳ್ ಖೊಳ್ಳ್!"

ಮಗಳು ಡಿಸ್ಕು ನಿಲ್ಲಿಸಿದಳು. "ಯಾರದು? ಯಾರಪ್ಪಾ ಆ ಮನುಷ್ಯ? ಸರಿಯಾಗಿ ನಮ್ಮ ಮೇಲೇ ಕೆಮ್ಮಿದಾನಲ್ಲ!"

"ನನ್ನ ನಾಯಿ ಅಲ್ಲ" ಎಂದಳು ಅಜ್ಜಿ.

"ನಮ್ಮ ಮಗು ಉಸಿರೇ ಎತ್ತಲಿಲ್ಲ" ಎಂದಳು ತಾಯಿ.

ಉಶ್ಶಪ್ಪ ಒಂದು ಬಕೆಟ್ಟಿನ ಹಿಡಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ. ಹೆಡ್‌ಮೇಷ್ಟ್ರು ಯಂತ್ರವನ್ನು ಕಿವಿಯೊಳಕ್ಕೆ ಇನ್ನಷ್ಟು ಒತ್ತಿಕೊಂಡು, ಮುಖವರಳಿಸಿ ಅವನ ಬೆನ್ನು ತಟ್ಟಿದರು.

"ನೀನೇ ಅಲ್ವೇನಯ್ಯಾ! ನಿನ್ನ ದನಿ ನಂಗೆ ಗೊತ್ತಾಗಲ್ವಾ?" ಅವರ ಸಂತೋಷ ಮೂರು ಬೀದಿಗೆ ಕೇಳಿಸಿತು. "ಇಷ್ಟು ಹೊತ್ತು ಒಂದೂ ನೆಟ್ಟಗೆ ಕೇಳಿಸಿರಲಿಲ್ಲ ಕಣಮ್ಮಾ. ನಿಮ್ಮಪ್ಪ ಕೆಮ್ಮಿದ್ದು ಮಾತ್ರ ಸ್ಪಷ್ಟವಾಗಿ ಬಂದಿದೆ. ಅದನ್ನ ಇನ್ನೊಂದ್ಸಲ ಹಾಕು!"