ಸೊಪ್ಪಿನಣ್ಣನೂ ನನ್ನ ಹೊಟ್ಟೆಕಿಚ್ಚೂ

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮದ್ದೇ ಹಿತ್ತಲ ಗಿಡವಾಗಿಬಿಟ್ಟಿದೆ. ನಾನು ಔಷಧಿ ಅಂಗಡಿಯವನು. ಊರಿನ ಅರ್ಧಕ್ಕರ್ಧ ಮಂಡಿ, ಸೊಂಟ, ಭುಜಗಳು ನನ್ನ ಗಾಜಿನ ಕಪಾಟಿನ ಕೃಪೆಯಿಂದಲೇ ಓಡಾಡುತ್ತಿವೆ. ಆದರೆ ನನ್ನ ಹೆಂಡತಿಯ ಬೆರಳಿನ ಗಂಟುಗಳಿಗೆ ವೈದ್ಯಶಿಖಾಮಣಿ ಯಾರು ಗೊತ್ತೇ? ಎದುರು ಸಾಲಿನ ತರಕಾರಿ ಅಂಗಡಿಯವ!

ಅವಳಿಗೆ ಬಹಳ ಕಾಲದಿಂದ ಗಂಟುಗಳ ಉರಿಯೂತ. ಬೆಳಗ್ಗೆ ಎದ್ದರೆ ಬೆರಳುಗಳು ಊದಿಕೊಂಡು ಮಡಚಲು ಬಾರದು. ಬಟ್ಟೆ ಹಿಂಡುವುದಿರಲಿ, ಡಬ್ಬಿಯ ಮುಚ್ಚಳ ತೆಗೆಯಲೂ "ರೀ..." ಎಂದು ಕೂಗಬೇಕು. ನಾನು ರಾಜಗಾಂಭೀರ್ಯದಿಂದ ಬಂದು ಮುಚ್ಚಳ ತಿರುಗಿಸಿ, ಜೇಬಿನಿಂದ ಮಾತ್ರೆ ತೆಗೆದು ಕೊಟ್ಟು ಹೋಗುತ್ತಿದ್ದೆ. ಸಂಸಾರದಲ್ಲಿ ನನಗಿದ್ದ ಬೆಲೆ ಅದೊಂದೇ ಎಂದು ಈಗ ಅನ್ನಿಸುತ್ತಿದೆ.

ಒಂದು ದಿನ ಅವಳು ಚೀಲ ಕೆಳಗಿಟ್ಟವಳೇ ಘೋಷಿಸಿದಳು.

"ಇನ್ಮೇಲೆ ಸಕ್ಕರೆ ಇಲ್ಲ, ಮೈದಾ ಇಲ್ಲ, ಕರಿದದ್ದು ಇಲ್ಲ. ಬರೀ ಸೊಪ್ಪು, ಅಗಸೆ ಬೀಜ, ಅರಿಶಿನ. ಅಣ್ಣ ಹೇಳಿದ್ರು."

"ಯಾವ ಅಣ್ಣ? ನಿನಗಿರೋದು ತಮ್ಮ ಒಬ್ಬನೇ ಅಲ್ವಾ?"

"ಸೊಪ್ಪಿನಣ್ಣ."

(ಅಣ್ಣ ಎಂದಳಲ್ಲ, ಗಂಡನಾದವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವನಿಗೆ ಬಾಯಿತುಂಬ ಬಿಳಿ ಹಲ್ಲು, ತಲೆತುಂಬ ಕೂದಲು. ನನ್ನಲ್ಲಿ ಎರಡರ ದಾಸ್ತಾನೂ ಕಡಿಮೆ.)

"ಸೊಪ್ಪು ತಿಂದು ಗಂಟುನೋವು ಹೋಗೋದಾದ್ರೆ ಮೇಕೆಗೆ ಮಂಡಿನೋವೇ ಬರಬಾರದಿತ್ತು" ಎಂದೆ.

"ಮೇಕೆ ಯಾವತ್ತಾದ್ರೂ ನಿಮ್ಮ ಅಂಗಡಿಗೆ ಬಂದಿದೆಯಾ?"

ಅಲ್ಲಿಂದಾಚೆಗೆ ನಮ್ಮ ತಟ್ಟೆ ಹಚ್ಚಗಾಯಿತು, ನನ್ನ ಟೀ ಸಪ್ಪಗಾಯಿತು, ನನ್ನ ಮಾತ್ರೆ ಬೇಡವಾಯಿತು. ಅವಳ ಬೆರಳಿನ ಊತ ಮಾತ್ರ ಇಳಿಯುತ್ತ ಬಂತು. ಸಂತೋಷಪಡಬೇಕಾದ ನಾನು ಹೊಟ್ಟೆಕಿಚ್ಚಿನಿಂದ ಬೆಂದುಹೋದೆ. ಒಂದು ಬೆಳಗ್ಗೆ ಅವಳೇ ಮುಚ್ಚಳ ತೆಗೆದ 'ಟಕ್' ಸದ್ದು ಕೇಳಿ ಎದೆ ಧಸಕ್ಕೆಂದಿತು. ಇನ್ನು ಈ ಮನೆಗೆ ನಾನು ಯಾತಕ್ಕೆ ಬೇಕು?

ಸಂಜೆಯಾದರೆ ಸಾಕು, ತಲೆ ಬಾಚಿಕೊಂಡು "ಸೊಪ್ಪು ತರ್ತೀನಿ" ಎಂದು ಹೊರಟುಬಿಡುವಳು. ಒಂದು ಕಟ್ಟು ಸೊಪ್ಪಿಗೆ ಅಷ್ಟು ಹೊತ್ತೇ? ತಡೆಯಲಾರದೆ ಒಂದು ದಿನ ಅಂಗಡಿಯ ಬಾಗಿಲು ಅರ್ಧ ಎಳೆದು ಹಿಂದೆಯೇ ಹೋದೆ. ಅವಳು ಸೊಪ್ಪು ಕೊಂಡಳು. ಸೊಪ್ಪಿನಣ್ಣ ಹಲ್ಲು ಕಿರಿದ. ನಾನು ಆಲೂಗಡ್ಡೆ ಮೂಟೆಯ ಮರೆಯಲ್ಲಿ ಹಲ್ಲು ಕಡಿದೆ. ಆದರೆ ಅವಳು ಮನೆಯ ಕಡೆ ತಿರುಗಲಿಲ್ಲ. ನೆಟ್ಟಗೆ ಪಕ್ಕದ ರಸ್ತೆಗೆ ಹೋಗಿ, ಅಲ್ಲಿದ್ದ ಔಷಧಿ ಅಂಗಡಿಯ ಮೆಟ್ಟಿಲು ಹತ್ತಿದಳು. ಅದು ನನ್ನ ಬದ್ಧವೈರಿಯ ಅಂಗಡಿ!

"ಬೆಳಗ್ಗೆ ಬೆರಳು ಮಡಚೋಕೆ ಆಗ್ತಿದೆಯಾ ಅಕ್ಕಾ?" ಎಂದು ವೈರಿ ವಿಚಾರಿಸುತ್ತಿದ್ದ. "ರಾತ್ರಿ ನಿದ್ದೆ ಬರುತ್ತಾ? ಮಾತ್ರೆ ಊಟ ಆದ್ಮೇಲೇ ತಗೊಳ್ತಿದ್ದೀರಿ ತಾನೆ?"

ನಾನು ಒಳಗೆ ನುಗ್ಗಿದೆ. "ಗಂಡ ಔಷಧಿ ಅಂಗಡಿ ಇಟ್ಕೊಂಡಿರೋವಾಗ ಇಲ್ಲಿ ಮಾತ್ರೆ ಕೊಳ್ತೀಯಾ? ಹಾಗಾದ್ರೆ ಆ ಸೊಪ್ಪು ಯಾಕೆ?"

ಅವಳು ಒಂದಿಷ್ಟೂ ಬೆಚ್ಚಲಿಲ್ಲ. "ಆಸ್ಪತ್ರೆಗೆ ಹೋಗಿ ತೋರಿಸಿದ್ದೆ. ಡಾಕ್ಟರಮ್ಮ ಎರಡೂ ಬೇಕು ಅಂದ್ರು. ಪಥ್ಯ ಸರಿಯಾಗಿದ್ರೆ ಮಾತ್ರೆ ಕಡಿಮೆ ಸಾಕಾಗಬಹುದಂತೆ. ಪೂರ್ತಿ ಬಿಡೋ ಹಾಗಿಲ್ಲವಂತೆ."

"ನನ್ನ ಕೇಳಬಾರದಿತ್ತಾ?"

"ಕೇಳಿದ್ರೆ ಏನು ಕೊಡ್ತಿದ್ರಿ? ಗಿರಾಕಿ ನಾಲ್ಕೇ ಮಾತ್ರೆ ಸಾಕು ಅಂತ ಕತ್ತರಿಸಿಕೊಂಡು ಹೋದ್ಮೇಲೆ ಉಳಿದ ಪಟ್ಟಿಯ ತುಂಡು! ಇವತ್ತು ಕೆಂಪು, ನಾಳೆ ಹಳದಿ. ಮಾರೋಕಾಗದ ತುಂಡೆಲ್ಲ ನನ್ನ ಹೊಟ್ಟೆಗೆ. ಯಾವತ್ತಾದ್ರೂ ನೋವು ಹೇಗಿದೆ ಅಂತ ಒಂದು ಮಾತು ಕೇಳಿದ್ದೀರಾ?"

ವೈರಿ ತಲೆ ತಗ್ಗಿಸಿ ಬಿಲ್ ಬರೆಯುವ ನಟನೆ ಮಾಡಿದ. ತರಕಾರಿಯವನನ್ನಾದರೂ ಸಹಿಸಬಹುದು, ಅವನದು ಬೇರೆ ವ್ಯಾಪಾರ. ಇವನು ನಾನು ಮಾರುವ ಮಾತ್ರೆಯನ್ನೇ ಮಾರಿ, ಜೊತೆಗೆ ಮೂರು ಪ್ರಶ್ನೆ ಬಿಟ್ಟಿ ಕೊಟ್ಟು, ನನ್ನ ಹೆಂಡತಿಯನ್ನೇ ಖಾಯಂ ಗಿರಾಕಿ ಮಾಡಿಕೊಂಡಿದ್ದ.

ಮನೆಗೆ ಬಂದು ಆ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದೆ. ಮರುದಿನ ಬೆಳಗ್ಗೆ ಕತ್ತರಿ ತಾಗದ ಹೊಸ ಮಾತ್ರೆ ಪಟ್ಟಿ ಹಿಡಿದು ಅಡುಗೆಮನೆಗೆ ಹೋದೆ. ಕೈಲಾದಷ್ಟು ಮೃದುವಾಗಿ ಕೇಳಿದೆ.

"ಬೆರಳು ಮಡಚೋಕೆ ಆಗ್ತಿದೆಯೇನೇ? ರಾತ್ರಿ ನಿದ್ದೆ ಬಂತಾ?"

ಅವಳು ಸೌಟು ಕೆಳಗಿಟ್ಟು, ಗಾಬರಿಯಿಂದ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

"ಏನಾಯ್ತ್ರೀ ನಿಮಗೆ? ಅಂಗಡಿಗೆ ಹೋಗ್ಬೇಡಿ, ಸುಮ್ನೆ ಮಲಕ್ಕೊಳ್ಳಿ. ಪಕ್ಕದ ರಸ್ತೆಗೆ ಹೋಗಿ, ಇದಕ್ಕೆ ಏನು ಕೊಡ್ತಾರೆ ಅಂತ ಕೇಳ್ಕೊಂಡು ಬರ್ತೀನಿ."