ಷೆಡ್ಡಿನಲ್ಲಿ ಕಾಫಿಗೆ ಪರ್ಮಿಷನ್

ಎಲ್ಲಕ್ಕೂ ಮೂಲ ಹುರುಳಿಕಾಯಿ. ತಿರುಮಲೇಶ ಬ್ಯಾಂಕಿನಿಂದ ರಿಟೈರಾದ ಮರುದಿನವೇ ಹೆಂಡತಿ ಸರಸ್ವತಿ ಮೊರದ ತುಂಬ ಹುರುಳಿಕಾಯಿ ತಂದು ಮುಂದಿಟ್ಟು, "ಹೇಗೂ ಸುಮ್ನೆ ಕೂತಿದೀರಲ್ಲ, ನಾರು ತೆಗೀರಿ" ಅಂದಿದ್ದರು. ಅಂದಿನಿಂದ ಆ ಮನುಷ್ಯನಿಗೆ ಸೊಪ್ಪು ಸೋಸುವುದು, ಅವರೆಕಾಳು ಹಿಸುಕುವುದು ಬಿಟ್ಟು ಬೇರೆ ಲೋಕವೇ ಇಲ್ಲ. ಪಾರಾಗಲು ಹೊಳೆದ ದಾರಿ ಒಂದೇ. ಕಾರು ಮಾರಿದ ಮೇಲೆ ಖಾಲಿ ಬಿದ್ದಿದ್ದ ಷೆಡ್ಡಿನಲ್ಲಿ ಕಾಫಿ ಅಂಗಡಿ! ಗಲ್ಲಾದ ಮೇಲೆ ಕೂತ ಗಂಡನಿಗೆ ಸೊಪ್ಪು ಸೋಸು ಅನ್ನುವ ಧೈರ್ಯ ಯಾವ ಹೆಂಡತಿಗಿದೆ?

ಆದರೆ ಜಯನಗರದ ಆ ಕ್ರಾಸು ಬರೀ ವಾಸದ ಮನೆಗಳದ್ದು. "ಅಂಗಡಿಗೆ ಅವಕಾಶ ಇಲ್ಲ ಸಾರ್" ಅಂದರು, ಅರ್ಜಿ ಹಾಕಲು ಹೋದ ಕಾರ್ಪೊರೇಷನ್ ಆಫೀಸಿನಲ್ಲಿ. "ಅಕ್ಕಪಕ್ಕದೋರ ತಕರಾರಿಲ್ಲ ಅಂದ್ರೆ ನೋಡೋಣ. ಗುರುವಾರ ಬೆಳಿಗ್ಗೆ ಸಾಹೇಬ್ರೇ ಜಾಗ ನೋಡೋಕೆ ಬರ್ತಾರೆ."

ಗುರುವಾರ ಬೆಳಕು ಹರಿಯುವ ಮುಂಚೆ ತಿರುಮಲೇಶ ಡಿಕಾಕ್ಷನ್ ಇಳಿಸಿ, ಎದುರುಮನೆಯ ಜಯದೇವಪ್ಪನವರನ್ನು ಷೆಡ್ಡಿಗೆ ಕರೆತಂದರು. ಬೀದಿಗೆ ತಾನೇ ಅಧ್ಯಕ್ಷ ಎಂದು ಓಡಾಡುವ ಆಸಾಮಿ.

"ಏನ್ ಸ್ವಾಮಿ, ಅಂಗಡಿ ಹಾಕಿ ನಮ್ಮ ಗೇಟಿಗೆ ಬೈಕ್ ಅಡ್ಡ ಹಾಕಿಸ್ತೀರಾ?"

"ಮೊದ್ಲು ಒಂದು ಲೋಟ ಕುಡೀರಿ, ಆಮೇಲೆ ಬೈಯ್ರಿ."

ಜಯದೇವಪ್ಪ ಕುಡಿದರು. ಕಣ್ಣು ಮುಚ್ಚಿದರು. "ಒಂದು ಲೋಟದಲ್ಲಿ ಹೇಗ್ರೀ ಹೇಳೋಕಾಗತ್ತೆ?" ಎಂದು ಎರಡನೆಯದನ್ನೂ ಮುಗಿಸಿ ಬೀದಿಗೇ ಕೇಳುವಂತೆ ಕೂಗಿದರು: "ಜ್ಯೋತ್ಸ್ನಾ ಮೇಡಂ, ಬನ್ನಿ ಇಲ್ಲಿ! ನೀವೂ ಒಂದು ಅಭಿಪ್ರಾಯ ಹೇಳಿ!"

ಪಕ್ಕದ ತಾರಸಿಯಲ್ಲಿ ಯೋಗ ಹೇಳಿಕೊಡುತ್ತಿದ್ದ ಜ್ಯೋತ್ಸ್ನಾ, ಚಾಪೆ ಸುತ್ತಿಕೊಂಡ ಶಿಷ್ಯರ ಸಮೇತ ಇಳಿದು ಬಂದರು. ಗುಂಪು ಕಂಡು ಪಾರ್ಕಿನ ವಾಕಿಂಗಿನವರೂ ಬಂದರು. ಮನೆ ಬಾಗಿಲಿಗೆ ಬಂದವರನ್ನು ಕಾಫಿ ಕೊಡದೆ ಕಳಿಸಿದ್ದು ತಿರುಮಲೇಶನ ವಂಶದಲ್ಲೇ ಇಲ್ಲ. ಕೊಟ್ಟರು, ಮತ್ತೆ ಕೊಟ್ಟರು.

"ಹಾಲು ಮುಗೀತು!" ಒಳಗಿನಿಂದ ಸರಸ್ವತಿ ಸಿಡುಕಿದರು. "ಇವರಿಗೆಲ್ಲ ಮನೆಮಠ ಇಲ್ವಾ?"

ತಿರುಮಲೇಶ ಹಾಲಿನ ಬೂತಿಗೆ ಓಡಿದರು. ಪ್ಯಾಕೆಟ್ಟುಗಳನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಬಂದರೆ, ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿ ಕಾರ್ಪೊರೇಷನ್ ಸಾಹೇಬರಾದ ಸೋಮನಾಥ್ ಗುಂಪನ್ನೇ ನೋಡುತ್ತಿದ್ದಾರೆ!

"ಪರ್ಮಿಷನ್ನಿಗೆ ಅರ್ಜಿ ಹಾಕಿ ಆಗ್ಲೇ ಓಪನಿಂಗೇ ಮಾಡ್ಬಿಟ್ರಾ? ಷೆಡ್ಡಿಗೆ ಬೀಗ ಜಡೀತೀನಿ ನೋಡಿ!"

ತಿರುಮಲೇಶ ಪ್ಯಾಕೆಟ್ಟುಗಳ ಸಮೇತ ಕೈಮುಗಿದರು. "ಅಯ್ಯೋ, ತಿಮ್ಮಪ್ಪನಾಣೆ ವ್ಯಾಪಾರ ಅಲ್ಲ ಸಾರ್! ಇವರೆಲ್ಲ ಮನೆಗೆ ಬಂದೋರು. ಇಲ್ಲಿ ಯಾವತ್ತೂ ಯಾರ ಹತ್ರಾನೂ ಕಾಸು ತಗೊಳ್ಳಲ್ಲ!"

ಗುಂಪಿನ ಕಿವಿ ನೆಟ್ಟಗಾಯಿತು.

"ಯಾವತ್ತೂ?" ಜಯದೇವಪ್ಪ ಮೆತ್ತಗೆ ಕೇಳಿದರು.

"ಯಾವತ್ತೂ!"

ಅಷ್ಟರಲ್ಲಿ ಸರಸ್ವತಿ ಸಾಹೇಬರ ಕೈಗೂ ಒಂದು ಲೋಟ ಕೊಟ್ಟರು. ಒಂದು ಗುಟುಕಿಗೇ ಸಾಹೇಬರ ಮುಖ ಅರಳಿತು. "ಮಾರಿದ್ರೆ ತಪ್ಪು. ಮನೆಗೆ ಬಂದೋರಿಗೆ ಕಾಫಿ ಕೊಟ್ರೆ ಯಾವ ಕಾನೂನೂ ಬೇಡ ಅನ್ನಲ್ಲ" ಎಂದು ಗುಂಪಿನತ್ತ ತಿರುಗಿದರು. "ಏನ್ರಪ್ಪಾ, ಅಂಗಡಿಗೆ ನಿಮ್ಮ ತಕರಾರಿದೆಯಾ?"

"ಅಂಗಡಿಗೆ ಖಂಡಿತ ಇದೆ ಸಾರ್" ಎಂದರು ಜಯದೇವಪ್ಪ, ಮೂರನೇ ಲೋಟ ಹಿಡಿದು. "ಹೀಗೇ ಇದ್ರೆ ಏನೇನೂ ಇಲ್ಲ."

"ಹೌದು ಹೌದು!" ಎಂದಿತು ಗುಂಪು. ಅರ್ಜಿ ಅಲ್ಲೇ ವಜಾ ಆಯಿತು.

ಮರುದಿನ ಬೆಳಿಗ್ಗೆ ಬೆಲ್ಲಾಯಿತು. ಜಯದೇವಪ್ಪ ಪೇಪರಿನ ಜೊತೆ ತಮ್ಮ ಕುರ್ಚಿಯನ್ನೂ ತಂದಿದ್ದರು. ಹಿಂದೆ ಯೋಗದ ದಂಡು, ಪಾರ್ಕಿನ ದಂಡು. ಕೊನೆಗೆ ಸ್ಕೂಟರ್ ಸದ್ದು.

"ಈ ಕಡೆ ರೌಂಡ್ಸ್ ಇತ್ತು" ಎಂದರು ಸೋಮನಾಥ್. "ನಂಗೆ ಸಕ್ಕರೆ ಸ್ವಲ್ಪ ಕಮ್ಮಿ."

ಎಲ್ಲರ ಕಾಫಿ ಮುಗಿದಾಗ ಸರಸ್ವತಿ ಬಂದು ಎಂಜಲು ಲೋಟಗಳ ರಾಶಿಯ ಪಕ್ಕ ಮೊರ ಇಟ್ಟರು. "ಲೋಟ ತೊಳೆದಾದ್ಮೇಲೆ ಇಲ್ಲೇ ಕೂತು ನಾರು ತೆಗೀರಿ. ಷೆಡ್ಡಲ್ಲಿ ಗಾಳಿ ಚೆನ್ನಾಗಿದೆ."

ಜಯದೇವಪ್ಪ ಪೇಪರ್ ಮಡಿಸಿ ಮೊರದೊಳಕ್ಕೆ ಬಗ್ಗಿ ನೋಡಿದರು.

"ಆಹಾ, ಎಳೇ ಹುರುಳಿಕಾಯಿ! ನಾಳೆಯಿಂದ ತಿಂಡೀನೂ ಇಲ್ಲೇ ಅನ್ನಿ!"